ಎಂಜಲಾದ ದಾರ ಮತ್ತು ಯೂನಿಯನ್ ಹಕ್ಕು



ಮೊನ್ನೆ ಕಸದ ಗಾಡಿ ಅಕ್ಕ ಒಬ್ಬರು ಕೇಳಿದ್ರು: "ಸಂಘ ಸೇರಿದ್ರೆ ನಾಳೆಯಿಂದ ಬರಬೇಡ ಅಂತಾನಣ್ಣ ಗುತ್ತಿಗೆದಾರ. ಹಂಗನ್ನಕ್ಕೆ ಅವನಿಗೆ ಹಕ್ಕೈತಾ?"

ಇಲ್ಲ. ಸಂಘ ಕಟ್ಟೋದು ಸಂವಿಧಾನದ 19(1)(ಸಿ) ವಿಧಿಯ ಮೂಲಭೂತ ಹಕ್ಕು. ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯೋದು ಕಾರ್ಮಿಕ ಕಾನೂನಿನಲ್ಲಿ ಅನುಚಿತ ಪದ್ಧತಿ. ಆದರೆ ಈ ಹಕ್ಕಿನ ಹಿಂದಿನ ನಮ್ಮವರ ಕತೆಯನ್ನ ಮೇ ದಿನದ ವೇದಿಕೆಗಳಲ್ಲಿ ಹೇಳೋರು ಕಡಿಮೆ.

ಆಗಿನ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಒಳ್ಳೆ ಕೂಲಿ ಸಿಗ್ತಿದ್ದದ್ದು ನೇಯ್ಗೆ ಖಾತೆಯಲ್ಲಿ. ಅಲ್ಲಿಗೆ ಅಸ್ಪೃಶ್ಯರಿಗೆ ಪ್ರವೇಶ ಇರಲಿಲ್ಲ. ಯಾಕೆ ಗೊತ್ತಾ? ಲಾಳಿಯಲ್ಲಿ ಕಂಡಿಕೆ ಬದಲಾಯಿಸಿದಾಗ ದಾರದ ತುದಿಯನ್ನ ಬಾಯಿಂದ ಹೀರಿ ಎಳೀಬೇಕಿತ್ತು. ನಮ್ಮವರ ಎಂಜಲು ತಾಗಿದ ಲಾಳಿ ಸವರ್ಣ ಕಾರ್ಮಿಕನಿಗೆ ಮೈಲಿಗೆ! ತಡೆದವನು ಮಾಲೀಕನಲ್ಲ, ಪಕ್ಕದ ಮಗ್ಗದ ಕಾಮ್ರೇಡ್. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಇದನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ ಅಂತ ಹಠ ಹಿಡಿದರು. ಮುಖಂಡರು ಒಲ್ಲದ ಮನಸ್ಸಿಂದ ಸೇರಿಸಿದರು. ಅದು ಅನ್ಯಾಯವಾದರೂ ಹೊಣೆ ನಮ್ಮದಲ್ಲ ಅಂದುಬಿಟ್ಟರು ಮಾಲೀಕರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ನಾಚಿಕೆ.

ಇಷ್ಟಾದ ಮೇಲೆ ಅಂಬೇಡ್ಕರ್ ಯೂನಿಯನ್‌ಗಳಿಗೆ ಬೆನ್ನು ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ, ರೈಲ್ವೆಯ ದಲಿತ ಕಾರ್ಮಿಕರ ಮುಂದೆ, ನಮಗೆ ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂದರು. ಅದೇ ವರ್ಷ ಮುಂಬಯಿಯ ಕಾಂಗ್ರೆಸ್ ಸರ್ಕಾರ ಕೈಗಾರಿಕಾ ವಿವಾದ ಮಸೂದೆ ತಂತು. ಸಂಧಾನದ ಸುತ್ತು ಮುಗಿಯೋ ಮುಂಚೆ ಮುಷ್ಕರ ಹೂಡಿದರೆ ಅಪರಾಧ! ಮುಷ್ಕರ ಸ್ವಾತಂತ್ರ್ಯದ್ದೇ ಇನ್ನೊಂದು ಹೆಸರು, ಅದನ್ನ ಅಪರಾಧ ಮಾಡೋದು ಅಂದ್ರೆ ಕಾರ್ಮಿಕನನ್ನ ಗುಲಾಮ ಮಾಡೋದು ಅಂತ ಅವರು ಶಾಸನಸಭೆಯಲ್ಲಿ ವಾದಿಸಿದರು. ನವೆಂಬರ್ 7ಕ್ಕೆ ಒಂದು ದಿನದ ಮುಷ್ಕರ. ಹತ್ತು ವರ್ಷದ ಹಿಂದೆ ಯಾವ ಕಮ್ಯುನಿಸ್ಟರ ಜೊತೆ ಜಗಳ ಆಡಿದ್ದರೋ ಅವರ ಜೊತೆಗೇ ನಿಂತರು. (ಫೇಸ್‌ಬುಕ್‌ನಲ್ಲಿ ಕೆಂಪು-ನೀಲಿ ಅಂತ ಕಚ್ಚಾಡೋ ಎರಡೂ ಕಡೆಯವರು ಇದನ್ನ ಎರಡು ಸಲ ಓದಿ.) ಅವತ್ತು ಪೊಲೀಸರ ಗುಂಡೂ ಹಾರಿತು. ಮಸೂದೆ ಕಾಯ್ದೆಯಾಯ್ತು.

1942ರಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದಾಗ ಅವರು ಕೈಹಾಕಿದ ಕೆಲಸಗಳಲ್ಲಿ ಒಂದು, ಮಾಲೀಕ ಯೂನಿಯನ್ನಿಗೆ ಮಾನ್ಯತೆ ಕೊಡಲೇಬೇಕು ಅನ್ನೋ ತಿದ್ದುಪಡಿ. 1943ರಲ್ಲಿ ಮಂಡಿಸಿದರು. ಕೊನೆಗೆ 1947ರಲ್ಲಿ ಅಂಥ ತಿದ್ದುಪಡಿ ಪಾಸಾಯ್ತು, ಜಾರಿಗೆ ಮಾತ್ರ ಬರಲೇ ಇಲ್ಲ. 1962ರಲ್ಲಿ ಸುಪ್ರೀಂ ಕೋರ್ಟು ಸಂಘ ಕಟ್ಟೋದು ಮೂಲಭೂತ ಹಕ್ಕು, ಮುಷ್ಕರ ಮಾಡೋದು ಅಲ್ಲ ಅಂತು. ಬಾಯಿ ಕೊಟ್ಟು ನಾಲಿಗೆ ಕಿತ್ತುಕೊಂಡ ಹಾಗೆ. ಅದೇ ಕೋರ್ಟು 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಡೋದೂ 23ನೇ ವಿಧಿ ನಿಷೇಧಿಸಿದ ಬಿಟ್ಟಿ ದುಡಿಮೆಯೇ ಅಂತ ಹೇಳ್ತು. ಗುತ್ತಿಗೆದಾರನಿಗೆ ಓದಿ ಹೇಳಬೇಕಾದ್ದು ಇದನ್ನ.

ಯೂನಿಯನ್ ನೋಂದಣಿಗೆ ಎಷ್ಟು ಜನ ಬೇಕು ಅಂತಾನೂ ಅಕ್ಕ ಕೇಳಿದ್ರು. ಕೆಲಸಗಾರರಲ್ಲಿ ನೂರಕ್ಕೆ ಹತ್ತು ಜನ, ಇಲ್ಲವೇ ಒಟ್ಟು ನೂರು ಜನ, ಯಾವುದು ಕಡಿಮೆಯೋ ಅಷ್ಟು. ಏಳಕ್ಕಿಂತ ಕಡಿಮೆ ಇರಬಾರದು. ಅಕ್ಕನ ನೋಟ್‌ಬುಕ್ಕಲ್ಲಿ ನಿನ್ನೆ ಸಂಜೆಗೆ ಐದು ಹೆಸರಾಗಿತ್ತು.