ಅಮೆರಿಕದಲ್ಲಿ ಎರಡು ವರ್ಷ ಕಮ್ಯುನಿಟಿ ಕಾಲೇಜು ಓದಿದರೆ ದೊಡ್ಡ ವಿಶ್ವವಿದ್ಯಾಲಯದ ಸೀಟು ಖಚಿತವೇ?

ಚುಟುಕಾಗಿ

“ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಸೇರಿ, ಎರಡು ವರ್ಷ ಕಡಿಮೆ ಖರ್ಚಿನಲ್ಲಿ ಓದಿ, ಆಮೇಲೆ ನೇರವಾಗಿ ಬರ್ಕ್ಲಿಯಂಥ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಿ. ಪದವಿ ಅದೇ, ಖರ್ಚು ಅರ್ಧ” ಎಂಬ ಅರ್ಥದ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ನಾವು ಪರಿಶೀಲಿಸಿದಂತೆ ಇದು ಅರ್ಧ ಸತ್ಯ. ದಾರಿ ಇರುವುದು ನಿಜ, ಪದವಿ ಒಂದೇ ಎನ್ನುವುದೂ ನಿಜ. ಆದರೆ ಸೀಟು ತಾನಾಗಿ ಸಿಗುವುದಿಲ್ಲ, ಓದಿದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಭಾರತದಿಂದ ಹೋಗುವವರಿಗೆ ಖರ್ಚಿನ ಲೆಕ್ಕವೂ ಬೇರೆ.

ಕಮ್ಯುನಿಟಿ ಕಾಲೇಜು ಎಂದರೇನು?

ಇವು ಅಮೆರಿಕದ ಎರಡು ವರ್ಷದ ಕಾಲೇಜುಗಳು, ಹೆಚ್ಚಿನವು ಸರ್ಕಾರಿ. ಈಗಲೂ ನಡೆಯುತ್ತಿರುವ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಅತಿ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜು. ಅದು 1901ರಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ 116 ಕಾಲೇಜುಗಳಿವೆ. 1960ರಲ್ಲಿ ಆ ರಾಜ್ಯ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆ ರೂಪಿಸಿತು. ಕಮ್ಯುನಿಟಿ ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಅಲ್ಲಿ ಚೆನ್ನಾಗಿ ಓದಿದವರು ವಿಶ್ವವಿದ್ಯಾಲಯಕ್ಕೆ ದಾಟಬೇಕು ಎಂಬುದು ಅದರ ಆಶಯ.

ಹೀಗೆ ದಾಟಿದವರು ಸಾಮಾನ್ಯರಲ್ಲ. ಮಾನವ ಜೀನೋಮ್ ಓದುವ ಕೆಲಸದಲ್ಲಿ ಹೆಸರಾದ ವಿಜ್ಞಾನಿ ಕ್ರೇಗ್ ವೆಂಟರ್ ಸ್ಯಾನ್ ಮಟೇಯೊ ಕಾಲೇಜಿನಿಂದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದವರು. 1999ರಲ್ಲಿ ಬಾಹ್ಯಾಕಾಶ ನೌಕೆಯೊಂದನ್ನು ಮುನ್ನಡೆಸಿದ ಮೊದಲ ಮಹಿಳೆ ಐಲೀನ್ ಕಾಲಿನ್ಸ್ ಕೂಡ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಸಿರಕ್ಯೂಸ್ ವಿಶ್ವವಿದ್ಯಾಲಯ ಸೇರಿದ್ದರು. ಕೊನೆಗೆ ಸಿಗುವ ಪದವಿ ವಿಶ್ವವಿದ್ಯಾಲಯದ್ದೇ. ಸಂದೇಶದ ಈ ಭಾಗದಲ್ಲಿ ತಪ್ಪಿಲ್ಲ.

ಸೀಟು ಖಾತ್ರಿಯೇ?

ಕೆಲವು ಕಡೆ ಮಾತ್ರ, ಷರತ್ತಿನ ಮೇಲೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂಬತ್ತು ಪದವಿ ಕ್ಯಾಂಪಸ್‌ಗಳಲ್ಲಿ ಆರು ಮಾತ್ರ ರಾಜ್ಯದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳಿಗೆ ಪ್ರವೇಶದ ಖಾತ್ರಿ ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ ಮತ್ತು ಸ್ಯಾಂಟಾ ಕ್ರೂಜ್. ಫಾರ್ವರ್ಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಬರ್ಕ್ಲಿ ಮತ್ತು ಲಾಸ್ ಏಂಜಲೀಸ್ ಈ ಪಟ್ಟಿಯಲ್ಲಿಲ್ಲ. ಖಾತ್ರಿಗೆ ಒಂದೇ ಕ್ಯಾಂಪಸ್ ಆಯ್ದುಕೊಳ್ಳಬೇಕು, ನಿಗದಿತ ವಿಷಯಗಳನ್ನು ಮುಗಿಸಿರಬೇಕು, ನಿಗದಿತ ಅಂಕ ಇರಬೇಕು. ಕಂಪ್ಯೂಟರ್ ಸೈನ್ಸ್‌ನಂಥ ಬೇಡಿಕೆಯ ವಿಭಾಗಗಳನ್ನು ಕೆಲವು ಕ್ಯಾಂಪಸ್‌ಗಳು ಈ ಖಾತ್ರಿಯಿಂದಲೇ ಹೊರಗಿಡುತ್ತವೆ.

ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಎಂಬ ಇನ್ನೊಂದು ಸರ್ಕಾರಿ ವ್ಯವಸ್ಥೆಯೂ ಇದೆ. ವರ್ಗಾವಣೆಗೆಂದೇ ಇರುವ ಎರಡು ವರ್ಷದ ಪದವಿ ಮುಗಿಸಿದವರಿಗೆ ಅದರ ಯಾವುದಾದರೂ ಒಂದು ಕ್ಯಾಂಪಸ್‌ನಲ್ಲಿ ಜಾಗ ಸಿಗುತ್ತದೆ. ಆದರೆ ನೀವು ಬಯಸಿದ ಕ್ಯಾಂಪಸ್ಸೇ ಸಿಗುತ್ತದೆ ಎಂಬ ಮಾತಿಲ್ಲ.

ಓದಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆಯೇ?

ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲೇ. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರುತ್ತಾರೆ. ಅವರ ಡಿಪ್ಲೊಮಾವನ್ನು ಇಡಿಯಾಗಿ ಒಪ್ಪಿಕೊಳ್ಳಲಾಗುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ವಿಷಯವನ್ನೂ ಬೇರೆ ಬೇರೆಯಾಗಿ ತೂಗುತ್ತಾರೆ.

ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಕಮ್ಯುನಿಟಿ ಕಾಲೇಜಿನಲ್ಲಿ 60 ಗಳಿಸಿದರೆ ಅರ್ಧ ದಾರಿ ಸಾಗಿದಂತೆ ಎಂದು ತೋರುತ್ತದೆ. ಆದರೆ ಕ್ರೆಡಿಟ್ ಸ್ವೀಕಾರವಾಗುವುದು ಒಂದು, ಅದು ನಿಮ್ಮ ಪದವಿಯ ಅಗತ್ಯಕ್ಕೆ ಒದಗುವುದು ಇನ್ನೊಂದು.

ಒಂದು ಉದಾಹರಣೆ ನೋಡೋಣ. ಇಂಜಿನಿಯರಿಂಗ್‌ಗೆ ಕ್ಯಾಲ್ಕುಲಸ್ ಆಧಾರಿತ ಭೌತಶಾಸ್ತ್ರ ಬೇಕು. ವಿದ್ಯಾರ್ಥಿ ಸುಲಭವೆಂದು ಬೀಜಗಣಿತ ಆಧಾರಿತ ಭೌತಶಾಸ್ತ್ರ ತೆಗೆದುಕೊಂಡು ಒಳ್ಳೆಯ ಅಂಕ ಪಡೆದರೆ, ವಿಶ್ವವಿದ್ಯಾಲಯ ಆ ಕ್ರೆಡಿಟ್ ಅನ್ನು ಸ್ವೀಕರಿಸಬಹುದು. ಅದು ಐಚ್ಛಿಕ ವಿಷಯವಾಗಿ ದಾಖಲಾಗುತ್ತದೆ. ಇಂಜಿನಿಯರಿಂಗ್‌ಗೆ ಬೇಕಾದ ಭೌತಶಾಸ್ತ್ರವನ್ನು ಮತ್ತೆ ಓದಬೇಕು, ಮತ್ತೆ ಶುಲ್ಕ ಕಟ್ಟಬೇಕು. ಅದು ಮುಗಿಯುವವರೆಗೆ ಮುಂದಿನ ವಿಷಯಗಳು ಕಾಯುತ್ತವೆ. ಹೀಗೆ ನಾಲ್ಕು ವರ್ಷ ಐದಾಗುತ್ತದೆ.

ಇದು ಅಪರೂಪದ ಸಮಸ್ಯೆಯಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯ 2017ರ ವರದಿಯ ಪ್ರಕಾರ, ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಅಂದಾಜು 43 ಶೇಕಡಾ ಕ್ರೆಡಿಟ್ ಕಳೆದುಕೊಂಡಿದ್ದರು. ಇದು ಎಲ್ಲ ಬಗೆಯ ಕಾಲೇಜು ಬದಲಾವಣೆಗಳ ಸರಾಸರಿ. ಒಂದೇ ರಾಜ್ಯದ ಸರ್ಕಾರಿ ಕಾಲೇಜುಗಳ ನಡುವೆ ಒಪ್ಪಂದ ಇರುವಲ್ಲಿ ನಷ್ಟ ಕಡಿಮೆ ಇರುತ್ತದೆ. ಇನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಕಮ್ಯುನಿಟಿ ಕಾಲೇಜು ಸಂಶೋಧನಾ ಕೇಂದ್ರ ಇತರ ಸಂಸ್ಥೆಗಳ ಜೊತೆ 2024ರಲ್ಲಿ ಪ್ರಕಟಿಸಿದ ವರದಿ ನೋಡಿ. ಕಮ್ಯುನಿಟಿ ಕಾಲೇಜು ಸೇರಿದವರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ನಾಲ್ಕು ವರ್ಷದ ಕಾಲೇಜಿಗೆ ದಾಟುತ್ತಾರೆ. ಆರು ವರ್ಷದೊಳಗೆ ಪದವಿ ಪಡೆಯುವವರು 100ರಲ್ಲಿ ಸುಮಾರು 16 ಮಂದಿ. ಇದು ವಿದ್ಯಾರ್ಥಿಗಳ ದಡ್ಡತನವೆಂದು ತಿಳಿಯಬೇಡಿ. ಅವರಲ್ಲಿ ಅನೇಕರು ಕೆಲಸ ಮಾಡುತ್ತಲೇ ಓದುವವರು.

ಖರ್ಚು ನಿಜಕ್ಕೂ ಅರ್ಧವೇ?

ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಕ್ರೆಡಿಟ್‌ಗೆ 46 ಡಾಲರ್. 60 ಕ್ರೆಡಿಟ್‌ಗೆ 2,760 ಡಾಲರ್ ಆಗುತ್ತದೆ. ಫಾರ್ವರ್ಡ್‌ಗಳಲ್ಲಿ ಬರುವ ಅಗ್ಗದ ಲೆಕ್ಕ ಇದೇ. ಆದರೆ ಎಫ್-1 ವೀಸಾದಲ್ಲಿ ಹೋಗುವ ವಿದ್ಯಾರ್ಥಿ ಅನಿವಾಸಿ. ಅವರು ಇದರ ಹಲವು ಪಟ್ಟು ಕಟ್ಟಬೇಕು. ಊಟ, ಬಾಡಿಗೆ, ವಿಮೆ ಬೇರೆ. ಎರಡು ವರ್ಷ ಅಲ್ಲೇ ಓದಿದ ಮಾತ್ರಕ್ಕೆ ಅವರು ನಿವಾಸಿ ಶುಲ್ಕಕ್ಕೆ ಅರ್ಹರಾಗುವುದೂ ಇಲ್ಲ. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರೆ, ಮೂಲ ಶುಲ್ಕದ ಮೇಲೆ ಅನಿವಾಸಿ ಶುಲ್ಕವೇ ವರ್ಷಕ್ಕೆ 30 ಸಾವಿರ ಡಾಲರ್ ದಾಟುತ್ತದೆ. ಮೊದಲೆರಡು ವರ್ಷ ಉಳಿತಾಯ ಆಗಬಹುದು, ಆದರೆ ಕೊನೆಯ ಎರಡು ವರ್ಷಕ್ಕೂ ಹಣದ ದಾರಿ ನೋಡಿಕೊಂಡೇ ಹೊರಡಬೇಕು.

ವೀಸಾ ವಿಷಯದಲ್ಲಿ ಗಮನಿಸಬೇಕಾದ್ದು

ನಮ್ಮಲ್ಲಿ ಕಾಲೇಜು ಬದಲಿಸುವುದೆಂದರೆ ಟಿ.ಸಿ. ಪಡೆದು ಹೊಸ ಕಾಲೇಜಿಗೆ ಕೊಡುವುದು. ಎಫ್-1 ವಿದ್ಯಾರ್ಥಿಗೆ ಅಲ್ಲಿ ಎರಡು ವರ್ಗಾವಣೆಗಳಿವೆ. ಒಂದು ಓದಿನದು, ಇನ್ನೊಂದು ಸೆವಿಸ್ ಎಂಬ ಸರ್ಕಾರಿ ದಾಖಲೆಯದು. ಸೀಟು ಸಿಕ್ಕ ಮೇಲೆ ಹಳೆಯ ಕಾಲೇಜು ಆ ದಾಖಲೆಯನ್ನು ಹೊಸ ಸಂಸ್ಥೆಗೆ ಬಿಡುಗಡೆ ಮಾಡಬೇಕು, ಹೊಸ ಸಂಸ್ಥೆ ಹೊಸ ಐ-20 ಕೊಡಬೇಕು. ಇದರಲ್ಲಿ ತಪ್ಪಿದರೆ ವೀಸಾ ಸ್ಥಿತಿಗೇ ಕುತ್ತು.

ಅಮೆರಿಕದಲ್ಲೇ ಇರುವ ಕನ್ನಡ ಕುಟುಂಬಗಳಿಗೂ ಒಂದು ಮಾತು. ಎಚ್-4 ವೀಸಾದಲ್ಲಿರುವ ಮಕ್ಕಳು ಅದರಲ್ಲೇ ಓದಬಹುದು. ಆದರೆ 21 ತುಂಬಿದಾಗ ಆ ಅವಲಂಬಿತ ವೀಸಾ ಮುಗಿಯುತ್ತದೆ. ಹದಿನೆಂಟಕ್ಕೆ ಕಮ್ಯುನಿಟಿ ಕಾಲೇಜು ಸೇರಿದವರಿಗೆ ವಿಶ್ವವಿದ್ಯಾಲಯಕ್ಕೆ ದಾಟಿದ ಹೊಸತರಲ್ಲೇ ಈ ಗಡುವು ಎದುರಾಗುತ್ತದೆ. ಆದ್ದರಿಂದ ವೀಸಾ ಬದಲಾವಣೆಯ ಸಿದ್ಧತೆ ಮೊದಲೇ ಆಗಬೇಕು.

ಹಾಗಾದರೆ ಏನು ಮಾಡಬೇಕು?

• ಮೊದಲ ತರಗತಿಗೆ ಹೆಸರು ನೋಂದಾಯಿಸುವ ಮುನ್ನವೇ ಯಾವ ವಿಶ್ವವಿದ್ಯಾಲಯ, ಯಾವ ವಿಭಾಗ ಎಂದು ಎರಡು-ಮೂರು ಗುರಿ ಇಟ್ಟುಕೊಳ್ಳಿ.

• ಕ್ಯಾಲಿಫೋರ್ನಿಯಾದಲ್ಲಾದರೆ ಅಸಿಸ್ಟ್ ಡಾಟ್ ಆರ್ಗ್ ಎಂಬ ಅಧಿಕೃತ ಜಾಲತಾಣ ನೋಡಿ. ಯಾವ ಕಾಲೇಜಿನ ಯಾವ ವಿಷಯ ಯಾವ ಕ್ಯಾಂಪಸ್‌ನ ಯಾವ ವಿಷಯಕ್ಕೆ ಸಮ ಎಂಬುದು ಅಲ್ಲಿ ಉಚಿತವಾಗಿ ಸಿಗುತ್ತದೆ.

• ಕಾಲೇಜಿನ ವರ್ಗಾವಣೆ ಸಲಹೆಗಾರರನ್ನು ಪ್ರತಿ ಸೆಮಿಸ್ಟರ್ ಭೇಟಿ ಮಾಡಿ. ಅವರು ಹೇಳಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

• ಪ್ರತಿ ವಿಷಯದ ಪಠ್ಯವಿವರ ಜೋಪಾನವಾಗಿಡಿ. ಕ್ರೆಡಿಟ್ ನಿರಾಕರಿಸಿದರೆ ಮೇಲ್ಮನವಿಗೆ ಅದೇ ಆಧಾರ.

• ಗಡುವು ಮರೆಯಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಖಾತ್ರಿ ಅರ್ಜಿ ಸೆಪ್ಟೆಂಬರ್‌ನಲ್ಲಿ. ಅದರ ಜೊತೆಗೆ ಪ್ರವೇಶ ಅರ್ಜಿಯನ್ನೂ ಬೇರೆಯಾಗಿ ಸಲ್ಲಿಸಬೇಕು. ಅದು ಅಕ್ಟೋಬರ್-ನವೆಂಬರ್‌ನಲ್ಲಿ.

ನಮ್ಮ ತೀರ್ಪು: ಅರ್ಧ ಸತ್ಯ

ಕಮ್ಯುನಿಟಿ ಕಾಲೇಜಿನ ದಾರಿ ಮೋಸವಲ್ಲ, ಕೀಳೂ ಅಲ್ಲ. ಗುರಿ ಮೊದಲೇ ಗೊತ್ತಿದ್ದು, ಅದಕ್ಕೆ ತಕ್ಕ ವಿಷಯ ಆಯ್ದುಕೊಂಡವರಿಗೆ ಅದು ಒಳ್ಳೆಯ ದಾರಿ. “ಮೊದಲು ಸೇರಿಬಿಡಿ, ಮುಂದಿನದು ಆಮೇಲೆ ನೋಡೋಣ” ಎನ್ನುವವರಿಗೆ ಮಾತ್ರ ದುಬಾರಿ. ಇಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರನ್ನು ಮೂರು ಪ್ರಶ್ನೆ ಕೇಳಿ: ಯಾವ ಕ್ಯಾಂಪಸ್? ಯಾವ ವಿಭಾಗ? ನಿವಾಸಿ ಶುಲ್ಕವೋ, ಅನಿವಾಸಿ ಶುಲ್ಕವೋ? ಉತ್ತರ ಇಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ.