ವಂತಿಗೆ ಕೊಟ್ಟವರು

ರಾಮಮೂರ್ತಿನಗರದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಸುಣ್ಣಬಣ್ಣಕ್ಕೆಂದು ಬೀರು ಖಾಲಿ ಮಾಡುವಾಗ ತಂದೆಯವರ ಕಾಲದ ರಸೀದಿಯೊಂದು ಸಿಕ್ಕಿತಂತೆ. ಕಾವೇರಿ ನೀರಿನ ಯೋಜನೆಗೆ ‘ಫಲಾನುಭವಿ ವಂತಿಕೆ’ ಕಟ್ಟಿದ ರಸೀದಿ. ‘ವಂತಿಕೆ ಸರಿಯೋ, ವಂತಿಗೆ ಸರಿಯೋ? ಹಾಗೇ ಇನ್ನೊಂದು: ನಲ್ಲಿಯಲ್ಲಿ ಹನಿ ನೀರಿಲ್ಲದ ಕಾಲಕ್ಕೆ ನಮ್ಮಪ್ಪ ಫಲಾನುಭವಿ ಆಗಿದ್ದು ಹೇಗೆ?’

ಮೊದಲನೆಯದಕ್ಕೆ ಉತ್ತರ ಸುಲಭ: ವಂತಿಗೆ. ರಾಮನವಮಿ ಪಾನಕಕ್ಕೆ, ಊರ ಜಾತ್ರೆಗೆ, ಕಂಪನಿ ನಾಟಕಕ್ಕೆ ಎತ್ತುತ್ತಿದ್ದದ್ದು ವಂತಿಗೆಯೇ. ಕಚೇರಿಯವರು ಅದನ್ನು ವಂತಿಕೆ ಮಾಡಿದರು. ಬುದ್ಧಿವಂತಿಕೆಯಲ್ಲಿ ಬುದ್ಧಿ ಕಳೆದರೆ ಉಳಿಯುವುದು ವಂತಿಕೆ. ಸುತ್ತೋಲೆಗಳನ್ನು ಓದಿ ಅಭ್ಯಾಸವಿದ್ದವರಿಗೆ ಈ ವ್ಯುತ್ಪತ್ತಿ ಒಪ್ಪಿಗೆಯಾದೀತು. ನಿಘಂಟಿನವರು ಎರಡನ್ನೂ ಸೈ ಅಂದಾರು, ನಾನು ಅನ್ನುವುದಿಲ್ಲ.

ಪದದ ಹುಟ್ಟಿನ ಬಗ್ಗೆ ನನ್ನದೇ ಒಂದು ವಾದವಿದೆ, ಪಂಡಿತರು ಕ್ಷಮಿಸಬೇಕು. ಕೆ.ಆರ್. ಪುರ ದಾಟಿ ಹೊಸಕೋಟೆ, ಕೋಲಾರದ ಕಡೆ ಹೋದರೆ ಎಷ್ಟೋ ಮನೆಗಳ ಮಾತು ತೆಲುಗು. ಆ ತೆಲುಗಿನಲ್ಲಿ ‘ನೀ ವಂತು’ ಅಂದರೆ ನಿನ್ನ ಸರದಿ. ನಿನ್ನ ಪಾಲು ಅಂತಲೂ ಹೌದು. ಅದು ಕೆರೆಗಳ ಸೀಮೆ. ತೂಬು ಎತ್ತಿ ಯಾವ ಗದ್ದೆಗೆ ಯಾವ ಹೊತ್ತು ನೀರು ಎಂದು ಗೊತ್ತು ಮಾಡುತ್ತಿದ್ದವನು ನೀರಗಂಟಿ. ಸರದಿ ಬೇಕಾದವರು ಅವನಿಗೆ ಧಾನ್ಯ ಅಳೆಯಬೇಕು, ಕೆರೆ ಕೆಲಸಕ್ಕೆ ಆಳು ಕಳಿಸಬೇಕು. ನೀರಿನ ವಂತಿಗಾಗಿ ಕೊಟ್ಟದ್ದು ವಂತಿಗೆಯಾಯಿತು, ದೇವರ ಉತ್ಸವಕ್ಕೆ ಅದು ಹೋದದ್ದು ಆಮೇಲೆ. ಸಾಕ್ಷಿ ಕೇಳಬೇಡಿ. ಕೆ.ಆರ್. ಪುರದ ವೆಂಗಯ್ಯನ ಕೆರೆಯ ಏರಿಯ ಮೇಲೆ ಒಂದು ಸಂಜೆ ನಿಂತು ನೋಡಿ, ನಿಮಗೂ ಹಾಗೇ ಅನಿಸುತ್ತದೆ.

ಬೆಂಗಳೂರು ದಂಡಿನ (ಕಂಟೋನ್ಮೆಂಟ್) ಕಡೆ ಈ ಪದ ಅಷ್ಟಾಗಿ ಬೇರೂರಲಿಲ್ಲ. ಶಿವಾಜಿನಗರದಲ್ಲಿ ಅದು ಚಂದಾ. ಹಲಸೂರಿನ ತಮಿಳರಿಗೆ ವರಿ. ಅವರಲ್ಲಿ ತೆರಿಗೆಗೂ ಅದೇ ಪದ, ಮುಚ್ಚುಮರೆ ಇಲ್ಲದ ಜನ. ಇಂದಿರಾನಗರದಲ್ಲೋ, ಗಣೇಶನ ಹುಡುಗರು ಬಾಗಿಲು ಬಡಿದು ‘ಅಂಕಲ್, ಕಲೆಕ್ಷನ್’ ಅನ್ನುತ್ತಾರೆ, ಮುಖದ ಮುಂದೆ ಕ್ಯೂಆರ್ ಕೋಡ್ ಹಿಡಿಯುತ್ತಾರೆ. ಕಲೆಕ್ಷನ್ ಆಗುವುದು ಸಿನಿಮಾಕ್ಕಪ್ಪ! ವಂತಿಗೆ ಕೊಟ್ಟವನಿಗೆ ಒಂದು ಗತ್ತು ಇರುತ್ತಿತ್ತು. ಹಬ್ಬ ಮುಗಿದ ಮಾರನೆಯ ದಿನ ಜಗಲಿ ಮೇಲೆ ಕೂತು, ‘ಶಾಮಿಯಾನಕ್ಕೆ ಅಷ್ಟ್ಯಾಕಾಯ್ತು?’ ಎಂದು ಕೇಳುತ್ತಿದ್ದ. ಎರಡು ರೂಪಾಯಿ ಕೊಟ್ಟವನು ಕೇಳಿದರೂ ಉತ್ತರ ಹೇಳಲೇಬೇಕಿತ್ತು.

ಇಂಥ ಪದ ವಿಶ್ವಬ್ಯಾಂಕಿನ ಕಡತಕ್ಕೆ ಸೇರಿತು. ಅದರ ನೆರವಿನ ‘ಜಲನಿರ್ಮಲ’ ಯೋಜನೆ ಹಳ್ಳಿಗಳಲ್ಲಿ ಸಮುದಾಯದ ವಂತಿಕೆ ಕೇಳಿತು. 2005ರ ಹೊತ್ತಿಗೆ ಪದ ನಮ್ಮ ಊರಂಚಿಗೂ ಬಂತು. ಆಗ ಕೆ.ಆರ್. ಪುರ, ಮಹದೇವಪುರ ಬೇರೆ ಬೇರೆ ನಗರಸಭೆಗಳು. ಬೆಂಗಳೂರಿನ ಸುತ್ತಲಿನ ಇಂಥ ಏಳು ನಗರಸಭೆ, ಒಂದು ಪುರಸಭೆಗೆ ಕೊಳವೆ ಹಾಸಲು ಗ್ರೇಟರ್ ಬೆಂಗಳೂರು ನೀರು ಮತ್ತು ಒಳಚರಂಡಿ ಯೋಜನೆ ಸಿದ್ಧವಾಯಿತು. ಖರ್ಚಿನ ಸುಮಾರು ಮೂರನೇ ಒಂದು ಪಾಲು ನಿವಾಸಿಗಳದ್ದು. ನಿವೇಶನದ ಅಳತೆ ನೋಡಿ, ಮುಂಚಿತವಾಗಿ. ಜೊತೆಗೆ ಎಂಟೂ ಊರುಗಳಿಗಾಗಿ 100 ಕೋಟಿ ರೂಪಾಯಿಯ ಬಾಂಡ್. ಅದರ ಅಸಲಿನ ಅರ್ಧಕ್ಕೆ ಅಮೆರಿಕದ ಯುಎಸ್‌ಏಡ್ ಜಾಮೀನು. ನೀರು ಹಂಚುವ ಕೆಲಸವನ್ನು ಖಾಸಗಿಯವರಿಗೆ ಹೇಗೆ ವಹಿಸಬೇಕೆಂದು ಸಲಹೆ ಕೊಡಲು ಬಂದದ್ದು ವಿಶ್ವಬ್ಯಾಂಕ್ ಬಳಗದ ಐಎಫ್‌ಸಿ. 1956ರಲ್ಲಿ ಅದು ಹುಟ್ಟಿದ್ದೇ ಖಾಸಗಿ ಬಂಡವಾಳಕ್ಕೆ ದಾರಿ ಮಾಡಿಕೊಡಲು. ಇಂಥ ಸಾಲ ಕೊಡುವವರ ತರ್ಕ ಸರಳ: ಮೀಟರು, ದರ, ಜನರ ದುಡ್ಡು ಈ ಮೂರು ಗಟ್ಟಿಯಾದರೆ ಬಂಡವಾಳ ತಾನಾಗಿ ಬರುತ್ತದೆ.

‘ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ?’ ಎಂದು ಗಾದೆ. ನಮ್ಮಜ್ಜಿ ಇದನ್ನು ಎಲ್ಲಕ್ಕೂ ಹಚ್ಚುತ್ತಿದ್ದಳು: ತಡವಾದ ಪೋಸ್ಟ್‌ಮ್ಯಾನ್‌ಗೆ, ಗೆದ್ದು ಮರೆಯಾದ ಎಮ್ಮೆಲ್ಲೆಗೆ, ಮುನಿಸಿಕೊಂಡ ತಂಗಿಗೆ. ಹೊಸ ಸೊಸೆಯನ್ನು ನೋಡಲು ಅವರ ಮನೆ ಕಿಟಕಿ ಇಣುಕಬೇಡಿ, ಕೊಡ ಹಿಡಿದು ಅವಳೇ ಬರುತ್ತಾಳೆ ಎಂಬ ತಾಳ್ಮೆ ಅದರಲ್ಲಿದೆ. ಬಾವಿಕಟ್ಟೆಯ ಹೆಂಗಸರಿಗೆ ಇದ್ದ ಅಧಿಕಾರವೂ ಇದೆ: ಎಷ್ಟು ದೊಡ್ಡ ಮನೆಯವಳಾದರೂ ನಮ್ಮ ಕಣ್ಣೆದುರು ಹಗ್ಗ ಎಳೆಯಲೇಬೇಕು. ವಿಶ್ವಬ್ಯಾಂಕಿಗೂ ಗಾದೆ ಚೆನ್ನಾಗಿ ಒಪ್ಪಿತು. ಊರಿಗೆ ಬಂದಿತ್ತು, ನೀರಿಗೂ ಬಂತು. ಆದರೆ ಯೋಚಿಸಿ ನೋಡಿ, ಈ ಗಾದೆ ನಿಲ್ಲಬೇಕಾದರೆ ಊರಿಗೆಲ್ಲ ಸೇರಿದ ನೀರು ಒಂದಿರಬೇಕು. ಕೆ.ಆರ್. ಪುರದ ಅಪಾರ್ಟ್‌ಮೆಂಟಿಗೆ ಬಂದ ಸೊಸೆ ಮೂವತ್ತು ವರ್ಷ ಸಂಸಾರ ಮಾಡಿದರೂ ನೀರಿಗೆ ಬರುವುದಿಲ್ಲ. ಕೆಳಗೆ ಬೋರ್‌ವೆಲ್, ಗೇಟಿಗೆ ಟ್ಯಾಂಕರ್, ಅಡುಗೆಮನೆಗೆ ಇಪ್ಪತ್ತು ಲೀಟರ್ ಕ್ಯಾನ್. ನೀರಿನ ಖಾಸಗೀಕರಣ ಯಾವ ಬ್ಯಾಂಕಿನ ಸಾಲವಿಲ್ಲದೆ, ಯಾರ ಸಲಹೆಯೂ ಇಲ್ಲದೆ ಎಂದೋ ಆಗಿಹೋಗಿದೆ. ಸತ್ತದ್ದು ಗಾದೆ.

ಐಎಫ್‌ಸಿ ಸಲಹೆಗೆ ನಗರದಲ್ಲಿ ವಿರೋಧ ಎದ್ದಿತು, ಖಾಸಗಿ ನಿರ್ವಹಣೆಯ ಮಾತು ಬದಿಗೆ ಸರಿಯಿತು. 2007ರಲ್ಲಿ ನಗರಸಭೆಗಳೇ ಬಿಬಿಎಂಪಿಯಲ್ಲಿ ಕರಗಿದವು. ಲೆಕ್ಕ ಕೇಳೋಣವೆಂದರೆ ಜಗಲಿಯೇ ಇಲ್ಲ! ಕೊಳವೆ ಮೊದಲು ಬಂತು. ಅದಕ್ಕೆ ಹರಿಯಬೇಕಾದ ನೀರಿಗೆ ಜಪಾನಿನ ಸಾಲದ ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟ ಮುಗಿಯಬೇಕಾಯಿತು, ಅಂದರೆ 2012ರ ಸುಮಾರು. ಆಚೆಯ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಅದೂ ಜಪಾನಿನದೇ ಜೈಕಾ ಸಂಸ್ಥೆಯ ಸಾಲದಿಂದ. ಒಂದು ಮಾತು ನ್ಯಾಯಕ್ಕಾಗಿ ಹೇಳಬೇಕು: ವಿಶ್ವಬ್ಯಾಂಕ್ ಸಾಲದಲ್ಲಿ ಫ್ರಾನ್ಸಿನ ವೆಯೋಲಿಯಾ ಕಂಪನಿ ನಡೆಸಿದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಪ್ರಾತ್ಯಕ್ಷಿಕೆ ವಲಯಗಳಲ್ಲಿ ಇಪ್ಪತ್ತನಾಲ್ಕು ತಾಸೂ ನೀರು ಬಂತು. ಆದರೆ ಆ ವಲಯಗಳು ಊರಿನ ಒಂದು ಸಣ್ಣ ಪಾಲು. ಉಳಿದ ಊರು ಪಾಳಿ ಕಾಯುತ್ತಲೇ ಇತ್ತು.

ಇನ್ನು ಫಲಾನುಭವಿ ಎಂಬ ಪದ. ಜ್ಯೋತಿಷಿಗಳ ಬಾಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತು; ಅವರೂ ದಕ್ಷಿಣೆ ಮೊದಲೇ ತೆಗೆದುಕೊಳ್ಳುತ್ತಾರೆ. ಸಾಲ ಕೊಡುವವರಲ್ಲೂ, ಅದಕ್ಕೆ ಕನ್ನಡದಲ್ಲಿ ಕರಡು ಬರೆಯುವ ಅಧಿಕಾರಿಗಳಲ್ಲೂ ಒಂದು ಬಿನ್ನಹ: ಮುಂದಿನ ಯೋಜನೆಗೆ ಜನರಿಂದ ದುಡ್ಡು ಬೇಕಾದರೆ ‘ಮುಂಗಡ’ ಎಂದು ಬರೆಯಿರಿ, ಕಟ್ಟುವವರು ಕಟ್ಟುತ್ತಾರೆ. ವಂತಿಗೆ ಎಂದೇ ಬರೆಯುವುದಾದರೆ ಕೆಲಸ ಮುಗಿದ ಮೇಲೆ ವಾರ್ಡಿಗೆ ಬಂದು, ಕುರ್ಚಿ ಹಾಕಿ, ಖರ್ಚಿನ ಲೆಕ್ಕ ಓದಿ ಹೇಳಿ.