ಸಾಕಿದ್ದು ಸಾಕೇ?

ನಮ್ಮ ಸುತ್ತೂರು ಜಾತ್ರೆಯ ದಾಸೋಹದಲ್ಲಿ ಊಟಕ್ಕೆ ಕೂತವರು ‘ಸಾಕು’ ಎಂದರೆ ಬಡಿಸುವವರು ನಿಲ್ಲಿಸುವುದಿಲ್ಲ. ‘ಸಾಕು ಸಾಕು’ ಎಂದು ಎರಡು ಸಲ ಹೇಳಿದರೆ ಇನ್ನೊಂದು ಸೌಟು ಬೀಳುತ್ತದೆ. ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬಗ್ಗಿಕೊಂಡರೆ ಮಾತ್ರ ಬಕೆಟ್ಟು ಮುಂದಿನವರ ಕಡೆ ಹೋಗುತ್ತದೆ. ಬಾಯಿಂದ ಬರುವ ಸಾಕು ಸಂಕೋಚದ್ದು, ಕೈಯಿಂದ ಬರುವ ಸಾಕೇ ನಿಜವಾದದ್ದು ಎಂಬುದು ಬಡಿಸುವವರ ಲೆಕ್ಕ. ಅವರ ಲೆಕ್ಕ ತಪ್ಪುವುದು ಕಡಿಮೆ.

ಅದೇ ಜಾತ್ರೆಯ ಇನ್ನೊಂದು ಮಗ್ಗುಲಲ್ಲಿ ರಾಸುಗಳ ಪರಿಷೆ. ಅಲ್ಲೂ ಇದೇ ಮಾತು ಕಿವಿಗೆ ಬೀಳುತ್ತಿರುತ್ತದೆ, ಅರ್ಥ ಮಾತ್ರ ಬೇರೆ. ಹಳ್ಳಿಕಾರ್ ಜೋಡಿಯ ಹಗ್ಗ ಹಿಡಿದು ನಿಂತವರು ‘ಹಾಲಲ್ಲಿನಿಂದ ನಾನೇ ಸಾಕಿದ್ದು ಕಣಪ್ಪ’ ಎನ್ನುತ್ತಾರೆ. ಹಾಗೆನ್ನುವಾಗ ಹೋರಿಯ ಮೈಮೇಲೆ ಒಂದು ಕೈ ಇದ್ದೇ ಇರುತ್ತದೆ. ಮುಟ್ಟಿ ಹೇಳಿದರೇ ಸಾಕಿದ್ದಕ್ಕೆ ಸಾಕ್ಷಿ.

ಈ ಎರಡು ಸಾಕುಗಳು ಒಂದೇ ಹೊಟ್ಟೆಯಲ್ಲಿ ಹುಟ್ಟಿದವಲ್ಲ. ಹೊಟ್ಟೆ ತುಂಬಿದಾಗ ಹೇಳುವ ಸಾಕು ಹಳಗನ್ನಡದ ‘ಸಾಲ್’ ಎಂಬ ಧಾತುವಿನ ಸಂತಾನ. ಪ್ರತ್ಯಯ ಸೇರಿ, ನಡುವಿನ ಲಕಾರ ಉದುರಿ ಹೀಗಾಯಿತು. ‘ಬೇಕು’ ಹುಟ್ಟಿದ್ದೂ ಇದೇ ದಾರಿಯಲ್ಲಿ. ಉದುರಿದ ಲಕಾರ ‘ಸಾಲದು’ ಎನ್ನುವಾಗ ಮತ್ತೆ ಮುಖ ತೋರಿಸುತ್ತದೆ. ತೆಲುಗಿನ ‘ಚಾಲು’ ಇದರ ದಾಯಾದಿ. ಸಲಹುವ ಅರ್ಥದ ಸಾಕು ಬೇರೆಯದೇ ಕ್ರಿಯಾಪದ. ತೆಲುಗಿನಲ್ಲಿ ಅದೂ ಇದೆ, ಸಲಹು ಎಂಬ ಅರ್ಥದಲ್ಲೇ ಇದೆ. ಜೊತೆಗೆ ಅಲ್ಲಿ ಸಾಕು ಎಂದರೆ ನೆಪ ಎಂದೂ ಆಗುತ್ತದೆ. ಕನ್ನಡಕ್ಕೆ ಆ ಮೂರನೆಯ ಅರ್ಥ ಬಂದಿಲ್ಲ. ಬಂದಿದ್ದರೆ ಬೆಕ್ಕು ಸಾಕುವವರಿಗೆ ಬಹಳ ಅನುಕೂಲವಾಗುತ್ತಿತ್ತು.

ಮೂಲ ಬೇರೆಯಾದರೂ ಬಳಕೆಯಲ್ಲಿ ಇವೆರಡೂ ಒಂದರ ಜಾಗಕ್ಕೆ ಇನ್ನೊಂದು ನುಗ್ಗುತ್ತಲೇ ಇರುತ್ತವೆ. ಮೇಲಿಂದ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯದಕ್ಕೆ ಸಾಕಮ್ಮ ಎಂದು ಹೆಸರಿಡುತ್ತಿದ್ದರು. ದೇವರಿಗೆ ಕಳಿಸಿದ ಅರ್ಜಿ ಅದು. ಹಾಗೆ ಹೆಸರು ಹೊತ್ತ ಮಗಳು ಮುಂದೆ ಇಡೀ ಮನೆಯನ್ನು ಸಾಕಿದ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ ‘ಕಾಫಿಪುಡಿ ಸಾಕಮ್ಮ’ ಎಂದೇ ಹೆಸರಾದ ಡಿ. ಸಾಕಮ್ಮನವರ ಹೆಸರನ್ನು ಯಾವ ಅರ್ಥದಲ್ಲಿ ಇಟ್ಟರೋ, ಅವರು ಬದುಕಿದ್ದಂತೂ ಎರಡನೆಯ ಅರ್ಥದಲ್ಲಿ. ಸುತ್ತೂರಿನ ಮಠ ದೂರದ ಜಿಲ್ಲೆಗಳ, ಹೊರರಾಜ್ಯಗಳ ಮಕ್ಕಳಿಗೂ ಇಲ್ಲಿ ಉಚಿತ ವಸತಿ ಶಾಲೆ ನಡೆಸುತ್ತಿದೆ. ಊರಿನ ಹಿರಿಯರು ಅದನ್ನು ‘ಓದಿಸ್ತಾರೆ’ ಎನ್ನುವುದಕ್ಕಿಂತ ‘ಮಠದೋರು ಸಾಕ್ತಾರೆ’ ಎನ್ನುವುದೇ ಹೆಚ್ಚು. ಅನ್ನ ಹಾಕುವುದು ಈ ಮಾತಿನ ಮೊದಲ ಷರತ್ತು, ಉಳಿದದ್ದೆಲ್ಲ ಆಮೇಲಿನದು.

ಪಳಗಿಸುವುದು ಆ ಷರತ್ತಿನಲ್ಲಿ ಇಲ್ಲ. ಜೇನು ಸಾಕಣೆ ಎನ್ನುತ್ತೇವೆ, ಮೀನು ಸಾಕಣೆ ಎನ್ನುತ್ತೇವೆ. ಪಳಗಿದ ಜೇನು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಪೆಟ್ಟಿಗೆಯ ಜೇನೂ ಕಚ್ಚುತ್ತದೆ, ಮನಸ್ಸಿಗೆ ಬಾರದಿದ್ದರೆ ಹಾರಿಹೋಗುತ್ತದೆ, ಆದರೂ ಅದು ಸಾಕಿದ ಜೇನೇ. ನಮ್ಮ ಪಕ್ಕದ ತಿ. ನರಸೀಪುರದಲ್ಲಿ ಮೈಸೂರು ರೇಷ್ಮೆಗೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇದೆ. ಆ ನೂಲಿನ ಹಿಂದೆ ‘ಹುಳ ಸಾಕುವ’ ಸಾವಿರಾರು ಮನೆಗಳಿವೆ. ರೇಷ್ಮೆಹುಳು ಸಾವಿರಾರು ವರ್ಷ ಮನುಷ್ಯರ ತಟ್ಟೆಯಲ್ಲೇ ಬೆಳೆದು, ಚಿಟ್ಟೆಯಾದ ಮೇಲೂ ಹಾರಲಾರದ ಸ್ಥಿತಿಗೆ ಬಂದಿದೆ. ಗೂಡು ಕಟ್ಟಿದೊಡನೆ ಕುದಿನೀರಿಗೆ. ಅದಕ್ಕೂ ಸಾಕಣೆ ಎಂದೇ ಹೆಸರು. ಈ ಪದಕ್ಕೆ ನಾವು ಕೊಡುವ ಅಮ್ಮನ ಮುಖ ಎಲ್ಲ ಕಡೆಯೂ ಹೊಂದುವುದಿಲ್ಲ.

ಪಳಗು ಎನ್ನುವುದು ಆನೆಯ ಪದ. ಹೆಗ್ಗಡದೇವನಕೋಟೆ ಕಡೆಯ ಕಾಕನಕೋಟೆಯಲ್ಲಿ 1971ರವರೆಗೂ ಆನೆ ಹಿಡಿಯುವ ಖೆಡ್ಡಾ ನಡೆಯಿತು. ಅಂಬಾರಿಯನ್ನು ಎಂಟು ದಸರಾಗಳಲ್ಲಿ ಹೊತ್ತ ಅರ್ಜುನ 1968ರಲ್ಲಿ ಅಲ್ಲೇ ಸೆರೆಯಾದವನು. ಕ್ರಾಲ್ ಎಂಬ ಮರದ ದೊಡ್ಡಿಯೊಳಗೆ ಕಟ್ಟಿಹಾಕಿ, ಹಸಿವು ಬೆಲ್ಲ ಎರಡನ್ನೂ ತೋರಿಸಿ, ಮಾವುತನ ದನಿಗೆ ಕಿವಿ ತಿರುಗುವಂತೆ ಮಾಡುವುದು ಪಳಗಿಸುವುದು. ಹಳಗನ್ನಡದ ‘ಪೞಗು’ ಇದು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೞೆಯದು ಹಳೆಯದಾಯಿತು. ಇದು ಆ ಸಾಲಿನಲ್ಲಿ ನಿಲ್ಲದೆ ಇಂದಿಗೂ ಪಕಾರವನ್ನೇ ಹಿಡಿದುಕೊಂಡಿದೆ. ಪಳಗಿಸುವ ಪದವೇ ಪಳಗಲಿಲ್ಲ.

ಇಷ್ಟೆಲ್ಲ ಯೋಚನೆ ಹುಟ್ಟಿದ್ದು ನಮ್ಮ ಮನೆಯ ಕೊತ್ತಿಯ ದೆಸೆಯಿಂದ. ಯಾರದೋ ಹುಲ್ಲುಮೆದೆಯಲ್ಲಿ ಹುಟ್ಟಿ, ತಾಯಿ ಬಾರದೆ ಹೋದ ಮೇಲೆ ನಮ್ಮ ಅಟ್ಟ ಸೇರಿದ ಹೆಣ್ಣು ಬೆಕ್ಕು. ಬೆಕ್ಕಿನ ಮರಿ ಮನುಷ್ಯರ ಕೈಗೆ ಒಗ್ಗುವ ಕಾಲ ಎರಡರಿಂದ ಏಳು ವಾರ ಎಂದು ತಿಳಿದವರು ಹೇಳುತ್ತಾರೆ. ಇದು ಬಂದಾಗ ಆ ಗಡಿ ಯಾವಾಗಲೋ ದಾಟಿತ್ತು. ಬೀದಿನಾಯಿಗಳ ಭಯಕ್ಕೆ ಒಳಗೇ ಇಟ್ಟೆವು. ಒಳಗೆ ಇತ್ತು, ಅಷ್ಟೇ. ತಟ್ಟೆ ಖಾಲಿಯಾಗುತ್ತಿತ್ತು, ಮರಳಿನ ಟ್ರೇ ಬಳಕೆಯಾಗುತ್ತಿತ್ತು, ಬೆಕ್ಕು ಕಾಣುತ್ತಿರಲಿಲ್ಲ. ಬಂದವರು ‘ಬೆಕ್ಕು ಸಾಕಿದ್ದೀರಂತೆ, ಎಲ್ಲಿ?’ ಎಂದರೆ ಅಟ್ಟದ ಕತ್ತಲನ್ನು ತೋರಿಸುತ್ತಿದ್ದೆವು.

ಜಾತ್ರೆ ಬಂದರೆ ಸುತ್ತೂರಿನಲ್ಲಿ ಯಾವ ಮನೆಯೂ ಮನೆಯವರದ್ದಾಗಿ ಉಳಿಯುವುದಿಲ್ಲ. ನೆಂಟರು, ನೆಂಟರ ನೆಂಟರು, ಅವರ ಮಕ್ಕಳು. ಬಾಗಿಲಿಗೆ ಅಗುಳಿ ಹಾಕುವ ಪದ್ಧತಿಯೇ ನಿಂತುಹೋಗುತ್ತದೆ. ರಥೋತ್ಸವದ ದಿನ ಧ್ವನಿವರ್ಧಕದ ಗದ್ದಲಕ್ಕೆ ಬೆದರಿ ಯಾವ ಸಂದಿಯಲ್ಲಿ ನುಸುಳಿತೋ, ರಾತ್ರಿ ನೋಡಿದರೆ ತಟ್ಟೆಯ ಅನ್ನ ಹಾಗೇ ಇತ್ತು.

ಹುಡುಕಲು ಹೊರಟಾಗ ಎದುರಾದದ್ದು ಪದದ ತಕರಾರು. ‘ಸಾಕಿದ ಕೊತ್ತಿ ಅಂದ್ರೆ ಕರದ್ರೆ ಬರಬೇಕಲ್ಲ?’ ಎಂದರು ಎದುರುಮನೆಯ ಅಜ್ಜಿ. ನ್ಯಾಯವಾದ ಪ್ರಶ್ನೆ. ನಮ್ಮದು ಕರೆದರೆ ಇನ್ನಷ್ಟು ದೂರ ಓಡುವ ಜಾತಿ. ಹೆಸರು ಕೂಗುತ್ತ ಬೀದಿ ಸುತ್ತುವುದರಿಂದ ಅದಕ್ಕೆ ತಿಳಿಯುವುದು ಒಂದೇ: ಯಾರೋ ಬೆನ್ನು ಹತ್ತಿದ್ದಾರೆ. ಇಂಥ ಬೆಕ್ಕು ದೂರ ಹೋಗುವುದಿಲ್ಲ, ಕೂಗುವುದೂ ಇಲ್ಲ. ಸಿಕ್ಕಿದ ಮೊದಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ. ಕಳೆದುಹೋದ ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಗಿತ್ತು. ಸಿಕ್ಕವುಗಳಲ್ಲಿ ಮುಕ್ಕಾಲು ಪಾಲು ಕಳೆದುಹೋದ ಜಾಗದಿಂದ 500 ಮೀಟರಿನೊಳಗೇ ಸಿಕ್ಕಿದ್ದವು. ನಮ್ಮ ಊರಿನ ಲೆಕ್ಕದಲ್ಲಿ 500 ಮೀಟರ್ ಎಂದರೆ ಕೊಟ್ಟಿಗೆಗಳು, ಸೌದೆ ಒಟ್ಟಲುಗಳು, ತಿಪ್ಪೆ, ಎರಡು ತೆಂಗಿನ ತೋಟ, ಆಮೇಲೆ ಕಬ್ಬು.

ಕಬ್ಬಿನ ಕಡೆ ಟಾರ್ಚು ಹಿಡಿದು ಹೊರಟವನನ್ನು ಅಜ್ಜಿಯೇ ತಡೆದರು. ‘ಚಿರತೆ ಅದೆ ಕಣಪ್ಪ, ನೀನು ಕೊತ್ತಿ ಹುಡುಕ್ಕೊಂಡು ಹೋಯ್ತೀಯ?’ ಉತ್ಪ್ರೇಕ್ಷೆಯ ಮಾತಾಗಿರಲಿಲ್ಲ ಅದು. 2022ರ ಕೊನೆಯ ತಿಂಗಳುಗಳಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾಗಿದ್ದರು. ಊರೂರಿನ ಹೊಲಗಳಲ್ಲಿ ಅರಣ್ಯ ಇಲಾಖೆಯ ಬೋನುಗಳು ಕೂತಿದ್ದವು. ಅಂದಿನಿಂದ ಈ ಸೀಮೆಯಲ್ಲಿ ಬೋನು ಎಂದರೆ ಚಿರತೆಯ ಬೋನೇ. ಹಾಗಾಗಿ ‘ಒಂದು ಬೋನು ಬೇಕಿತ್ತು, ಬೆಕ್ಕಿಗೆ’ ಎಂದು ಕೇಳಿದಾಗ ಜನ ನಕ್ಕರು. ಕೊನೆಗೆ ತೋಟದ ಮನೆಯೊಂದರಲ್ಲಿ ಹೆಗ್ಗಣಕ್ಕೆ ಮಾಡಿಸಿದ್ದ ದೊಡ್ಡ ತಂತಿ ಬೋನು ಸಿಕ್ಕಿತು.

ಬೋನಿಗೆ ಏನಿಡುವುದು? ನಮ್ಮದು ಮಾಂಸ ಮುಟ್ಟದ ಮನೆ. ಅನ್ನ ಮೊಸರು ಇಟ್ಟು ಕಾದರೆ ಪಕ್ಕದ ಮನೆಯ ನಾಯಿಮರಿ ಒಳಗೆ ಹೋಗಿ ಕೂತುಕೊಂಡಿತು. ಹಿಂದಿನ ಬೀದಿಯವರೊಬ್ಬರು ಒಣ ಸೀಗಡಿಯ ಪೊಟ್ಟಣ ತಂದುಕೊಟ್ಟು, ‘ಹಾಲನ್ನದ ವಾಸನೆಗೆ ಯಾವ ಕೊತ್ತಿ ಬಂದಾದು?’ ಎಂದರು. ಅಮ್ಮ ಮೂಗು ಮುಚ್ಚಿಕೊಂಡು ಒಳಗೆ ಹೋದರು. ಸೀಗಡಿ ಇಟ್ಟು, ಬೋನಿನ ಮೇಲೆ ಅಟ್ಟದಲ್ಲಿ ಅದು ಮಲಗುತ್ತಿದ್ದ ಹಳೆಯ ಕಂಬಳಿ ಹೊದಿಸಿದೆವು. ಪಕ್ಕದ ಕೊಟ್ಟಿಗೆಯ ಸೌದೆ ಸಂದಿಯಲ್ಲಿ ಇತ್ತು ಮಹರಾಯ್ತಿ. ನಮ್ಮ ಗೋಡೆಗೂ ಆ ಕೊಟ್ಟಿಗೆಗೂ ನಡುವೆ ಇರುವುದು ಒಂದು ಓಣಿ. ಬೋನಿನ ಬಾಗಿಲು ಬಿದ್ದ ಸದ್ದಿಗೆ ನಾವು ಓಡಿಬಂದರೆ ಸ್ವಾಗತಕ್ಕೆ ಬಂದದ್ದು ಒಂದು ಫೂತ್ಕಾರ. ಕಂಬಳಿ ಪೂರ್ತಿ ಮುಚ್ಚಿದ ಮೇಲೆ ಸುಮ್ಮನಾಯಿತು.

ಒಳಗೆ ಬಿಡುವಾಗ ನನ್ನ ಕೈಗೆ ಉಗುರಿನ ನಾಲ್ಕು ಗೆರೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ತೊಳೆದು, ರೇಬೀಸ್ ಲಸಿಕೆಗೆ ಹೋದೆ. ಬೆಕ್ಕು ತಾನೇ ಎಂದು ಅಸಡ್ಡೆ ಮಾಡುವ ವಿಷಯ ಅಲ್ಲ ಇದು. ಚೀಟಿ ಬರೆಯುವ ಸಿಸ್ಟರ್ ಕೇಳಿದರು: ‘ಸಾಕಿದ ಬೆಕ್ಕಾ, ಬೀದಿ ಬೆಕ್ಕಾ?’ ಪದಗಳ ಬಗ್ಗೆ ಬರೆದು ಹೊಟ್ಟೆ ಹೊರೆಯುವವನಿಗೆ ಅಷ್ಟು ಕಷ್ಟದ ಪ್ರಶ್ನೆ ಬಹಳ ದಿನದಿಂದ ಯಾರೂ ಕೇಳಿರಲಿಲ್ಲ. ‘ಸಾಕಿದ್ದೇ’ ಎಂದೆ. ‘ಮತ್ಯಾಕೆ ಪರಚಿತು?’ ಎಂದರು ಆಕೆ. ನನ್ನ ಹಿಂದೆ ಸಾಲಿನಲ್ಲಿ ಇನ್ನೂ ಜನ ಕಾಯುತ್ತಿದ್ದರು, ಚರ್ಚೆ ಬೆಳೆಯಲಿಲ್ಲ.

ಸಾಕುವುದರಲ್ಲಿ ಎಲ್ಲಿ ಕೊರತೆಯಿತ್ತೆಂದು ಹೇಳಿದವರು ಪಶುವೈದ್ಯರು. ಲೆಕ್ಕವೇನೂ ಕಷ್ಟದ್ದಲ್ಲ: ಹಾಲನ್ನ, ಮೊಸರನ್ನ ಬೆಕ್ಕಿಗೆ ಸಾಲದು. ಟಾರಿನ್ ಎಂಬ ಪೋಷಕಾಂಶವನ್ನು ನಾಯಿಯ ಮೈ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ಮೈ ಬೇಕಾದಷ್ಟು ತಯಾರಿಸಲಾರದು. ಅದು ಸಿಗುವುದು ಮಾಂಸ, ಮೀನು, ಇಲಿಯಲ್ಲಿ. ವರ್ಷಗಟ್ಟಲೆ ಸಿಗದಿದ್ದರೆ ಕಣ್ಣು ಮಂಕಾಗುತ್ತದೆ, ಹೃದಯ ಸೋಲುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲೂ ಸರಿಯಾಗಿ ಜೀರ್ಣವಾಗದು. ಹಿಂದೆ ನಮ್ಮ ಮನೆಗಳ ಬೆಕ್ಕುಗಳು ಹಾಲನ್ನ ತಿಂದೇ ಬದುಕಿದ್ದವಲ್ಲ ಎಂದರೆ, ಅವು ಹಗಲು ನಮ್ಮೆದುರು ಹಾಲನ್ನ ತಿಂದು ರಾತ್ರಿ ರಾಗಿ ಕಣಜದ ಹತ್ತಿರ ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದವು. ಮನುಷ್ಯನ ಬಳಿಗೆ ಬೆಕ್ಕು ಮೊದಲು ಬಂದದ್ದೂ ಧಾನ್ಯ ಕೂಡಿಟ್ಟ ಜಾಗಕ್ಕೆ, ಇಲಿಗಳ ಹಿಂದೆ, ತನ್ನಷ್ಟಕ್ಕೆ ತಾನೇ. ಅದಕ್ಕಾಗಿ ಯಾರೂ ಖೆಡ್ಡಾ ತೋಡಲಿಲ್ಲ. ಬಾಗಿಲು ಹಾಕಿ ಒಳಗಿಟ್ಟುಕೊಂಡವರು ಮಾತ್ರ ಇಲಿಯ ಪಾಲನ್ನೂ ತಾವೇ ಕೊಡಬೇಕಾಗುತ್ತದೆ. ಈಗ ಹಿತ್ತಲಿನಲ್ಲಿ ಒಂದು ಬೇರೆ ಒಲೆ, ಬೇರೆ ಪಾತ್ರೆ, ಸಂತೆಯ ದಿನ ಮೀನು. ‘ಯಾರಿಗೆ?’ ಎಂದು ಮೀನಿನವನು ಕೇಳಿದರೆ ಅಮ್ಮ ‘ಮನೇಲಿ ಒಬ್ಬಳಿದ್ದಾಳೆ’ ಎನ್ನುತ್ತಾರೆ. ಅವನು ಬಸುರಿ ಸೊಸೆ ಎಂದುಕೊಂಡು ಒಳ್ಳೆಯದನ್ನೇ ಆರಿಸಿಕೊಡುತ್ತಾನೆ.

ಬೆಕ್ಕು ಪಳಗಿಲ್ಲ. ತೊಡೆಯ ಮೇಲೆ ಕೂರುವುದಿಲ್ಲ, ಎತ್ತಿಕೊಳ್ಳಲು ಬಿಡುವುದಿಲ್ಲ. ಆದರೆ ಊಟದ ಹೊತ್ತಿಗೆ ಅಟ್ಟದ ಏಣಿಯ ಕೆಳಗಿನ ಮೆಟ್ಟಿಲವರೆಗೆ ಬರುತ್ತದೆ. ನಾನು ಎತ್ತಲೋ ನೋಡುತ್ತ ಕೈ ಚಾಚಿದರೆ ಕೆನ್ನೆಯನ್ನು ಬೆರಳಿಗೆ ಉಜ್ಜುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಹಿಂದೆ ಸರಿಯುತ್ತದೆ. ನಿಧಾನಕ್ಕೆ ರೆಪ್ಪೆ ಮುಚ್ಚಿ ತೆರೆದರೆ ತಾನೂ ಹಾಗೆಯೇ ಮಾಡುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪ್ರಯೋಗ ಮಾಡಿ ಬರೆದಿದ್ದಾರೆ, ನನ್ನ ಭ್ರಮೆಯಲ್ಲ. ಬೆನ್ನಿನ ಮೇಲೆ ಕೈ ಆಡಿಸಿದರೆ ಮೊದಲು ಸುಮ್ಮನಿರುತ್ತದೆ. ಆಮೇಲೆ ಬೆನ್ನಿನ ಚರ್ಮ ಒಮ್ಮೆ ಅಲುಗುತ್ತದೆ, ಬಾಲದ ತುದಿ ನೆಲಕ್ಕೆ ಬಡಿಯುತ್ತದೆ, ಕಿವಿ ಪಕ್ಕಕ್ಕೆ ಮಲಗುತ್ತದೆ. ಅಲ್ಲಿಗೆ ಸಾಕು. ಅದರಾಚೆಗೆ ಒಂದು ಸೌಟು ಹೆಚ್ಚಿಗೆ ಬಡಿಸಹೋದರೆ ಮತ್ತೆ ಆಸ್ಪತ್ರೆಯ ಚೀಟಿ. ನೆಂಟರ ಮಕ್ಕಳಿಗೆ ಈ ಮೂರು ಗುರುತು ಕಲಿಸಿದ್ದೇನೆ. ಅವು ದೊಡ್ಡವರಿಗಿಂತ ಬೇಗ ಕಲಿಯುತ್ತವೆ. ಬೇಡ ಎಂದಾಗ ಕೆನ್ನೆ ಹಿಂಡಿಸಿಕೊಂಡ ಅನುಭವ ಅವಕ್ಕೂ ಇರುತ್ತದಲ್ಲ.

ಮುಂದಿನ ಜಾತ್ರೆಗೆ ಮುಂಚೆ ಅಟ್ಟಕ್ಕೆ ಒಂದು ಜಾಲರಿ ಬಾಗಿಲು ಮಾಡಿಸಿದೆವು. ಅಜ್ಜಿ ನೋಡಿ, ‘ಚಿರತೆಗೂ ಇಷ್ಟು ಭದ್ರ ಮಾಡಲ್ಲ’ ಎಂದರು. ಬೋನು ವಾಪಸು ಕೊಡಲು ಹೋದಾಗ ತೋಟದ ಮನೆಯವರು ‘ನಿಮ್ಮಲ್ಲೇ ಇರಲಿ ಬಿಡಿ, ಬೇಕಾದೀತು’ ಎಂದು ಕಳಿಸಿದರು.

ಇಪ್ಪತ್ತೊಂದನೆಯ ಜಾನುವಾರು ಗಣತಿ 2024ರ ಅಕ್ಟೋಬರಿನಲ್ಲಿ ಶುರುವಾಯಿತಲ್ಲ, ಅದರ ಗಣತಿದಾರ ಹುಡುಗ ನಮ್ಮ ಜಗುಲಿಗೂ ಬಂದ. ಕೈಯಲ್ಲಿ ಮೊಬೈಲು. ‘ಸಾಕಿರೋದು ಏನೇನಿದೆ ಸಾರ್?’ ಹಸು ಒಂದು, ಕರು ಒಂದು. ಒತ್ತಿಕೊಂಡ. ಬೆಕ್ಕು ಒಂದು ಎಂದೆ. ಹುಡುಗ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಉಜ್ಜಿದ. ದನ, ಎಮ್ಮೆ, ಕುರಿ, ಮೇಕೆ, ಹಂದಿ, ಕುದುರೆ, ಕತ್ತೆ, ಒಂಟೆ, ನಾಯಿ, ಮೊಲ ಎಲ್ಲವೂ ಪಟ್ಟಿಯಲ್ಲಿದ್ದವು. ಹಿಮಾಲಯದ ಯಾಕ್ ಇತ್ತು. ಆನೆಯೂ ಇತ್ತು.

‘ಬೆಕ್ಕಿಗೆ ಕಾಲಂ ಇಲ್ಲ ಸಾರ್’ ಎಂದ. ಅಮ್ಮ ಒಳಗಿನಿಂದ, ‘ಇಲ್ದಿದ್ರೆ ಬ್ಯಾಡ ಬಿಡಪ್ಪ, ಅವಳೂ ಒಪ್ಪಾಕಿಲ್ಲ’ ಎಂದು ಕೂಗಿ ಹೇಳಿ, ಹುಡುಗನಿಗೆ ಮಜ್ಜಿಗೆ ತಂದುಕೊಟ್ಟರು. ಅರ್ಧ ಲೋಟಕ್ಕೇ ಅವನು ಸಾಕು ಎಂದ. ಅಮ್ಮ ಪೂರ್ತಿ ತುಂಬಿಸಿದರು.